ಗಣಕಲೋಕದ ದೇಶ ಮತ್ತು ಕೋಶ

ದೇಶ ಸುತ್ತಬೇಕು, ಇಲ್ಲವೇ ಕೋಶ ಓದಬೇಕು ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಅರಿವು ಬೆಳೆಯುವ ದಾರಿಗಳು ಎರಡು. ತಾನಿರುವ ಎಡೆಯನ್ನು ಬಿಟ್ಟು ಹೊರಟು ಬೇರೆಡೆಯ ಬದುಕನ್ನು ಕಣ್ಣಾರೆ ಕಾಣುವುದು ಒಂದು. ಕುಳಿತಲ್ಲಿಯೇ ಗ್ರಂಥಗಳ ಮೂಲಕ ಅನ್ಯರ ಅನುಭವವನ್ನು ತನ್ನದಾಗಿಸಿಕೊಳ್ಳುವುದು ಇನ್ನೊಂದು. ಈ ಗಾದೆ ಹುಟ್ಟಿದ ಕಾಲದಲ್ಲಿ ಗಣಕಯಂತ್ರವಿರಲಿಲ್ಲ. ಆದರೂ ಗಣಕಯಂತ್ರದ ಇತಿಹಾಸದ ಒಂದು ಮುಖ್ಯ ಅಧ್ಯಾಯಕ್ಕೆ ಈ ಮಾತು ಅಕ್ಷರಶಃ ಒಪ್ಪುತ್ತದೆ. ಇಂದು ಕೋಟ್ಯಂತರ ಜನರ ಕೈಯಲ್ಲಿರುವ ಫೋನುಗಳನ್ನು ನಡೆಸುವ ತಂತ್ರಾಂಶದ ತಿರುಳು, ಒಬ್ಬ ವಿದ್ಯಾರ್ಥಿಯು ಒಂದು ಪುಸ್ತಕವನ್ನು ಆಸಕ್ತಿಯಿಂದ ಓದಿ, ತನ್ನ ಯಂತ್ರದಲ್ಲಿ ಬೇರೊಂದು ವ್ಯವಸ್ಥೆಯನ್ನು ಪ್ರಯೋಗಿಸಿ ನೋಡಿದುದರ ಫಲ. ಅದಕ್ಕೂ ಹಿಂದೆ, ತರಗತಿಯಿಂದ ಹೊರಗಾದ ಇನ್ನೊಂದು ಪುಸ್ತಕದ ಕಥೆಯಿದೆ.

ಗಣಕಯಂತ್ರವನ್ನು ಕೊಂಡುತಂದು ವಿದ್ಯುತ್ತನ್ನು ಹರಿಸಿದ ಮಾತ್ರಕ್ಕೆ ಅದು ಕೆಲಸಕ್ಕೆ ತೊಡಗುವುದಿಲ್ಲ. ಲೆಕ್ಕ ಮಾಡುವ ಸಂಸ್ಕಾರಕ, ತಾತ್ಕಾಲಿಕವಾಗಿ ನೆನಪಿಡುವ ಸ್ಮೃತಿಕೋಶ, ಶಾಶ್ವತವಾಗಿ ಸಂಗ್ರಹಿಸುವ ಡಿಸ್ಕು, ಕೀಲಿಮಣೆ, ಪರದೆ ಮೊದಲಾದವೆಲ್ಲ ಸೇರಿ ಯಂತ್ರಾಂಶವೆನಿಸುತ್ತವೆ. ಪತ್ರ ಬರೆಯಲು, ಚಿತ್ರ ನೋಡಲು, ಹಾಡು ಕೇಳಲು ಬಳಸುವ ಆದೇಶಗಳ ಸಮೂಹಗಳು ತಂತ್ರಾಂಶಗಳು. ಈ ಎರಡರ ನಡುವೆ ನಿಂತು ಯಂತ್ರದ ಸಂಪತ್ತನ್ನು ಎಲ್ಲ ತಂತ್ರಾಂಶಗಳಿಗೂ ಹಂಚುವ ಮತ್ತೊಂದು ತಂತ್ರಾಂಶವು ಬೇಕಾಗುತ್ತದೆ. ಅದನ್ನು ಕಾರ್ಯಾಚರಣ ವ್ಯವಸ್ಥೆ ಅಥವಾ ಆಪರೇಟಿಂಗ್ ಸಿಸ್ಟಂ ಎಂದು ಕರೆಯುತ್ತಾರೆ.

ಇದನ್ನು ಒಂದು ದೃಷ್ಟಾಂತದಿಂದ ಸ್ಪಷ್ಟಪಡಿಸಬಹುದು. ಕೆರೆಯ ಕೆಳಗಿನ ಗದ್ದೆಗಳಿಗೆ ನೀರು ಹಂಚುವ ಹೊಣೆ ಹಿಂದೆ ನೀರುಗಂಟಿಯದಾಗಿತ್ತು. ತೂಬು ಒಂದೇ, ಗದ್ದೆಗಳು ಹಲವು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು, ಯಾರ ಸರದಿ ಮೊದಲು, ಯಾರದು ಅನಂತರ ಎಂಬುದನ್ನು ಅವನು ನೋಡಿಕೊಳ್ಳುತ್ತಿದ್ದನು. ಒಬ್ಬನು ಇನ್ನೊಬ್ಬನ ಕಾಲುವೆಗೆ ಅಡ್ಡಕಟ್ಟೆ ಹಾಕದಂತೆ ಕಾಯುವುದೂ ಅವನ ಕೆಲಸವೇ. ಗಣಕದೊಳಗೆ ಸಂಸ್ಕಾರಕವೇ ತೂಬು, ತಂತ್ರಾಂಶಗಳೇ ಗದ್ದೆಗಳು, ಕಾರ್ಯಾಚರಣ ವ್ಯವಸ್ಥೆಯೇ ನೀರುಗಂಟಿ. ಒಂದು ವ್ಯತ್ಯಾಸವೆಂದರೆ, ಇಲ್ಲಿ ಸರದಿಯು ಸೆಕೆಂಡಿನ ಅತ್ಯಲ್ಪ ಭಾಗದಲ್ಲಿ ಬದಲಾಗುತ್ತದೆ. ಆದುದರಿಂದಲೇ ಹಾಡು ಕೇಳುತ್ತ ಪತ್ರ ಬರೆಯುವವನಿಗೆ ಎರಡೂ ಕೆಲಸಗಳು ಒಟ್ಟಿಗೆ ನಡೆಯುತ್ತಿರುವಂತೆ ತೋರುತ್ತದೆ. ವಿಂಡೋಸ್, ಮ್ಯಾಕ್ ಓಎಸ್, ಲಿನಕ್ಸ್, ಆಂಡ್ರಾಯ್ಡ್ ಎಂಬ ಹೆಸರುಗಳೆಲ್ಲ ಇಂತಹ ವ್ಯವಸ್ಥೆಗಳವು. ಯಂತ್ರವೊಂದೇ ಆದರೂ ಅದರಲ್ಲಿ ಕೂರಿಸಿದ ವ್ಯವಸ್ಥೆ ಬೇರೆಯಾದರೆ ಅದರ ನಡೆನುಡಿಗಳೆಲ್ಲ ಬೇರೆಯಾಗುತ್ತವೆ.

ಮುಂದಿನ ಕಥೆ ತಿಳಿಯಬೇಕಾದರೆ ಇನ್ನೊಂದು ವಿಷಯವನ್ನು ಗಮನಿಸಬೇಕು. ಪ್ರತಿಯೊಂದು ತಂತ್ರಾಂಶಕ್ಕೂ ಎರಡು ರೂಪಗಳಿವೆ. ಮನುಷ್ಯನು ಅಕ್ಷರ, ಅಂಕೆ, ಚಿಹ್ನೆಗಳನ್ನು ಬಳಸಿ ಸಾಲುಸಾಲಾಗಿ ಬರೆದ ಬರಹ ಮೊದಲನೆಯದು. ಇದಕ್ಕೆ ಆಕರ ಸಂಕೇತವೆಂದು ಹೆಸರು. ಆ ಬರಹವನ್ನು ಯಂತ್ರಕ್ಕೆ ತಿಳಿಯುವ ಸೊನ್ನೆ ಮತ್ತು ಒಂದುಗಳ ಸರಮಾಲೆಯಾಗಿ ಪರಿವರ್ತಿಸಿದಾಗ ದೊರೆಯುವುದು ಎರಡನೆಯದು. ಅಂಗಡಿಯಿಂದ ಕೊಂಡುತಂದ ತಂತ್ರಾಂಶದಲ್ಲಿ ಸಾಮಾನ್ಯವಾಗಿ ಎರಡನೆಯ ರೂಪ ಮಾತ್ರವಿರುತ್ತದೆ. ಅದು ಕೆಲಸ ಮಾಡುತ್ತದೆ; ಆದರೆ ಹೇಗೆ ಮಾಡುತ್ತದೆಂಬುದನ್ನು ಓದಿ ತಿಳಿಯುವುದು ಬಹಳ ಕಷ್ಟ. ಆಕರ ಸಂಕೇತವುಳ್ಳ ತಂತ್ರಾಂಶವು ತೆರೆದಿಟ್ಟ ಗ್ರಂಥದಂತೆ. ಅದಿಲ್ಲದ ತಂತ್ರಾಂಶವು ಬೀಗ ಹಾಕಿದ ಪೆಟ್ಟಿಗೆಯಂತೆ.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಎಂಬ ಗಣಕವಿಜ್ಞಾನಿಯು ಒಂದು ಪುಟ್ಟ ಕಾರ್ಯಾಚರಣ ವ್ಯವಸ್ಥೆಯನ್ನು ರಚಿಸಿದರು. ಅದಕ್ಕೆ ಮೊದಲು ಆ ಪ್ರಯೋಗಾಲಯವು ಇತರ ಸಂಸ್ಥೆಗಳೊಡನೆ ಕೂಡಿ ಮಲ್ಟಿಕ್ಸ್ ಎಂಬ ಬೃಹತ್ ವ್ಯವಸ್ಥೆಯನ್ನು ಕಟ್ಟಲು ಹೊರಟು, ಅದರ ತೊಡಕುಗಳಿಗೆ ಬೇಸತ್ತು ಹಿಂದೆ ಸರಿದಿತ್ತು. ದೊಡ್ಡದರ ಸೋಲಿನಿಂದ ಪಾಠ ಕಲಿತ ಥಾಂಪ್ಸನ್ನರು ಚಿಕ್ಕದಾದ, ಸರಳವಾದ ದಾರಿಯನ್ನು ಹಿಡಿದರು. ಅವರಿಗೆ ದೊರೆತದ್ದು ಪಿಡಿಪಿ-7 ಎಂಬ ಹಳೆಯ ಯಂತ್ರ. ಈ ಹೊಸ ವ್ಯವಸ್ಥೆಗೆ ಯೂನಿಕ್ಸ್ ಎಂದು ಹೆಸರಾಯಿತು. ಅವರ ಸಹೋದ್ಯೋಗಿ ಡೆನ್ನಿಸ್ ರಿಚೀ ಅವರು ಸಿ ಎಂಬ ಗಣಕಭಾಷೆಯನ್ನು ರೂಪಿಸಿದರು. 1973ರಲ್ಲಿ ಯೂನಿಕ್ಸನ್ನು ಆ ಭಾಷೆಯಲ್ಲಿ ಹೊಸದಾಗಿ ಬರೆಯಲಾಯಿತು. ಇದರಿಂದ ಒಂದು ಯಂತ್ರಕ್ಕೆ ಕಟ್ಟುಬಿದ್ದಿದ್ದ ವ್ಯವಸ್ಥೆಯು ಬೇರೆ ಬೇರೆ ಯಂತ್ರಗಳಿಗೆ ಸಾಗಿಹೋಗುವುದು ಸುಲಭವಾಯಿತು.

ಬೆಲ್ ಪ್ರಯೋಗಾಲಯದ ಒಡೆತನವಿದ್ದದ್ದು ಎಟಿ ಅಂಡ್ ಟಿ ಎಂಬ ದೂರವಾಣಿ ಕಂಪನಿಯ ಕೈಯಲ್ಲಿ. 1956ರ ಒಂದು ನ್ಯಾಯಾಲಯದ ಒಪ್ಪಂದದ ಪ್ರಕಾರ ಆ ಕಂಪನಿಯು ಗಣಕಯಂತ್ರಗಳ ವ್ಯಾಪಾರಕ್ಕೆ ಇಳಿಯುವಂತಿರಲಿಲ್ಲ. ಆದಕಾರಣ ಯೂನಿಕ್ಸನ್ನು ವಿಶ್ವವಿದ್ಯಾನಿಲಯಗಳಿಗೆ ಅಲ್ಪ ಶುಲ್ಕಕ್ಕೆ, ಆಕರ ಸಂಕೇತದೊಡನೆ ಕೊಡುತ್ತಿದ್ದರು. ಹೀಗೆ ಆಸ್ಟ್ರೇಲಿಯದ ಸಿಡ್ನಿಯಲ್ಲಿರುವ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾನಿಲಯಕ್ಕೂ ಅದು ತಲಪಿತು. ಅಲ್ಲಿ ಅಧ್ಯಾಪಕರಾಗಿದ್ದ ಜಾನ್ ಲಯನ್ಸ್ ಅವರಿಗೆ ಒಂದು ಯೋಚನೆ ಹೊಳೆಯಿತು. ಸಾಹಿತ್ಯದ ವಿದ್ಯಾರ್ಥಿಗಳು ಮಹಾಕವಿಗಳ ಕೃತಿಗಳನ್ನು ಸಾಲುಸಾಲಾಗಿ ಓದಿ ಕಲಿಯುವರು. ಗಣಕವಿಜ್ಞಾನದ ವಿದ್ಯಾರ್ಥಿಗಳಾದರೋ ತಾವು ಬರೆದ ಚಿಕ್ಕಪುಟ್ಟ ಕ್ರಮವಿಧಿಗಳನ್ನಲ್ಲದೆ ಬಲ್ಲವರ ಬರಹವನ್ನು ಓದುವುದೇ ಇಲ್ಲ. ಯೂನಿಕ್ಸಿನ ತಿರುಳು ಸುಮಾರು 9,000 ಸಾಲುಗಳಷ್ಟಿತ್ತು. ಅದು ಒಬ್ಬ ವಿದ್ಯಾರ್ಥಿಯು ಓದಿ ಮುಗಿಸಬಹುದಾದ ಗಾತ್ರ. ಲಯನ್ಸರು ಆ ಸಾಲುಗಳನ್ನು ಒಂದು ಸಂಪುಟವಾಗಿಯೂ, ಅವಕ್ಕೆ ತಾವು ಬರೆದ ವ್ಯಾಖ್ಯಾನವನ್ನು ಇನ್ನೊಂದು ಸಂಪುಟವಾಗಿಯೂ ಸಿದ್ಧಪಡಿಸಿ ತರಗತಿಯಲ್ಲಿ ಪಾಠ ಮಾಡಿದರು. ಮೂಲಕ್ಕೆ ಟೀಕು ಬರೆಯುವ ಪದ್ಧತಿ ಭಾರತದಲ್ಲಿ ಹಳೆಯದು. ಗಣಕಕ್ಕೆ ಅದು ಹೊಸದಾಗಿತ್ತು.

ಆದರೆ ಈ ಪಾಠ ಬಹುಕಾಲ ನಡೆಯಲಿಲ್ಲ. ಯೂನಿಕ್ಸಿನಿಂದ ಹಣ ಗಳಿಸಬಹುದೆಂಬುದು ಕಂಪನಿಗೆ ಮನವರಿಕೆಯಾಗುತ್ತ ಬಂದಿತು. 1979ರಲ್ಲಿ ಹೊರಬಂದ ಏಳನೆಯ ಆವೃತ್ತಿಯ ಪರವಾನಗಿಯಲ್ಲಿ, ಅದರ ಆಕರ ಸಂಕೇತವನ್ನು ತರಗತಿಯಲ್ಲಿ ಪಾಠಕ್ಕೆ ಬಳಸಬಾರದೆಂಬ ನಿಬಂಧನೆ ಸೇರಿತು. ತೆರೆದಿದ್ದ ಗ್ರಂಥ ಮುಚ್ಚಿತು. ಲಯನ್ಸರ ಪುಸ್ತಕ ಮಾತ್ರ ಅಳಿಯಲಿಲ್ಲ. ಒಬ್ಬರಿಂದ ಒಬ್ಬರು ಪಡೆದು, ಫೋಟೋಕಾಪಿಯ ಫೋಟೋಕಾಪಿ ಮಾಡಿಸಿ, ಅಕ್ಷರಗಳು ಮಸುಕಾಗಿದ್ದರೂ ಬಿಡದೆ ಲೋಕದ ನಾನಾ ಕಡೆಯ ವಿದ್ಯಾರ್ಥಿಗಳು ಅದನ್ನು ಓದಿದರು. ಹತ್ತನೆಯ ಶತಮಾನದಲ್ಲಿ ಪೊನ್ನನ ಶಾಂತಿಪುರಾಣವು ಅಳಿಯಬಾರದೆಂದು ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಅತ್ತಿಮಬ್ಬೆಯ ಕಥೆಯನ್ನು ಕನ್ನಡಿಗರು ಬಲ್ಲರು. ಪ್ರತಿಗಳು ಹೆಚ್ಚಿದಷ್ಟೂ ಗ್ರಂಥಕ್ಕೆ ಆಯುಷ್ಯ ಹೆಚ್ಚುತ್ತದೆ. ಲಯನ್ಸರ ಪುಸ್ತಕವು ಎಲ್ಲರಿಗೂ ದೊರೆಯುವಂತೆ ಮುದ್ರಣಗೊಂಡು ಪ್ರಕಟವಾದದ್ದು 1996ರಲ್ಲಿ, ಅದು ಸಿದ್ಧವಾದ ಸುಮಾರು ಇಪ್ಪತ್ತು ವರ್ಷಗಳ ಮೇಲೆ. 1998ರಲ್ಲಿ ಲಯನ್ಸರು ತೀರಿಕೊಂಡರು.

ಪಾಠ ಹೇಳಲು ಪುಸ್ತಕವೇ ಇಲ್ಲವಾದಾಗ ಅಧ್ಯಾಪಕನು ಏನು ಮಾಡಬೇಕು? ನೆದರ್ಲೆಂಡ್ಸ್ ದೇಶದ ಆಮ್‌ಸ್ಟರ್‌ಡ್ಯಾಂ ನಗರದಲ್ಲಿ ಪ್ರಾಧ್ಯಾಪಕರಾಗಿದ್ದ ಆಂಡ್ರ್ಯೂ ಟ್ಯಾನೆನ್‌ಬಾಮ್ ಅವರು ಇದಕ್ಕೆ ಕಂಡುಕೊಂಡ ಉತ್ತರ ಶ್ರಮದ್ದು. ಯೂನಿಕ್ಸಿನಂತೆಯೇ ನಡೆಯುವ, ಆದರೆ ಅದರ ಒಂದು ಸಾಲನ್ನೂ ಬಳಸದ ಹೊಸ ವ್ಯವಸ್ಥೆಯೊಂದನ್ನು ಅವರು ತಾವೇ ಬರೆದರು. ಅದರ ಹೆಸರು ಮಿನಿಕ್ಸ್. 1987ರಲ್ಲಿ ಪ್ರಕಟವಾದ ತಮ್ಮ ಪಠ್ಯಪುಸ್ತಕದಲ್ಲಿ ಅದರ ಸುಮಾರು 12,000 ಸಾಲುಗಳನ್ನು ಅಚ್ಚು ಮಾಡಿಸಿದರು. ಪುಸ್ತಕವನ್ನು ಕೊಂಡ ಬಡ ವಿದ್ಯಾರ್ಥಿಯೂ ಒಂದು ಕಾರ್ಯಾಚರಣ ವ್ಯವಸ್ಥೆಯ ಒಳಹೊರಗನ್ನು ಓದಬಹುದಾಯಿತು.

ಇದೇ ಕಾಲದಲ್ಲಿ ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯಲ್ಲಿ ಬೆಳೆದ ರಿಚರ್ಡ್ ಸ್ಟಾಲ್ಮನ್ ಅವರು ಈ ಪ್ರಶ್ನೆಯನ್ನು ನೀತಿಯ ಪ್ರಶ್ನೆಯಾಗಿ ಕಂಡರು. ನೆರೆಯವನೊಡನೆ ಹಂಚಿಕೊಳ್ಳಬಾರದು, ಒಳಗೇನಿದೆ ಎಂದು ನೋಡಬಾರದು ಎಂಬ ಕಟ್ಟಳೆಗಳು ಮನುಷ್ಯರ ನಡುವಣ ಸಹಕಾರವನ್ನೇ ಕೆಡಿಸುತ್ತವೆಂಬುದು ಅವರ ವಾದ. 1983ರಲ್ಲಿ ಅವರು ಗ್ನೂ ಎಂಬ ಯೋಜನೆಯನ್ನು ಸಾರಿದರು. ತಂತ್ರಾಂಶವನ್ನು ಬಳಸುವ, ಅಭ್ಯಸಿಸುವ, ಹಂಚುವ ಮತ್ತು ತಿದ್ದಿ ಉತ್ತಮಗೊಳಿಸುವ ನಾಲ್ಕು ಸ್ವಾತಂತ್ರ್ಯಗಳು ಪ್ರತಿಯೊಬ್ಬನಿಗೂ ಇರಬೇಕೆಂಬುದು ಅದರ ತತ್ತ್ವ. 1989ರಲ್ಲಿ ಅವರು ಈ ತತ್ತ್ವಕ್ಕೆ ಒಂದು ಪರವಾನಗಿ ಪತ್ರದ ರೂಪ ಕೊಟ್ಟರು. ಆ ಪರವಾನಗಿಯ ವೈಶಿಷ್ಟ್ಯವೆಂದರೆ, ಈ ಸ್ವಾತಂತ್ರ್ಯವನ್ನು ಪಡೆದವನು ತಾನು ತಿದ್ದಿದ್ದನ್ನು ಹಂಚುವಾಗ ಅದೇ ಸ್ವಾತಂತ್ರ್ಯವನ್ನು ಮುಂದಿನವನಿಗೂ ಕೊಡಬೇಕು. ಸಂಪಾದಕ, ಭಾಷಾಂತರಕ ಮೊದಲಾದ ಹಲವು ಸಾಧನಗಳು ಗ್ನೂ ಯೋಜನೆಯಲ್ಲಿ ಸಿದ್ಧವಾದವು. ಆದರೆ ಎಲ್ಲಕ್ಕೂ ನಡುವೆ ಇರಬೇಕಾದ ತಿರುಳು ಮಾತ್ರ ಸಿದ್ಧವಾಗಿರಲಿಲ್ಲ.

ಆ ಕೊರತೆಯನ್ನು ತುಂಬಿದವರು ಫಿನ್ಲೆಂಡ್ ದೇಶದ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್. ಟ್ಯಾನೆನ್‌ಬಾಮರ ಪುಸ್ತಕವು ಅವರನ್ನು ಸೆರೆಹಿಡಿಯಿತು. 1991ರ ಜನವರಿಯಲ್ಲಿ ಅವರು 386 ಸಂಸ್ಕಾರಕವುಳ್ಳ ಗಣಕವೊಂದನ್ನು ಕೊಂಡು, ಅದರಲ್ಲಿ ಮಿನಿಕ್ಸನ್ನು ಸ್ಥಾಪಿಸಿ ಪ್ರಯೋಗಕ್ಕೆ ತೊಡಗಿದರು. ವಿಶ್ವವಿದ್ಯಾನಿಲಯದ ಗಣಕಕ್ಕೆ ಮನೆಯಿಂದ ಸಂಪರ್ಕ ಪಡೆಯಲು ಮಿನಿಕ್ಸಿನಲ್ಲಿದ್ದ ಸೌಕರ್ಯ ಅವರಿಗೆ ಸಾಲದೆಂದು ತೋರಿತು. ತಾವೇ ಒಂದನ್ನು ಬರೆಯತೊಡಗಿದರು. ಕಡತಗಳನ್ನು ಡಿಸ್ಕಿನಲ್ಲಿ ಉಳಿಸಬೇಕಾಯಿತು, ಅದಕ್ಕೂ ಬರೆದರು. ಹೀಗೆ ಒಂದಕ್ಕೊಂದು ಸೇರಿ ಆ ಬರಹವು ಕಾರ್ಯಾಚರಣ ವ್ಯವಸ್ಥೆಯ ತಿರುಳಾಗಿಯೇ ಬೆಳೆಯಿತು. 1991ರ ಆಗಸ್ಟ್ 25ರಂದು ಅವರು ಈ ಕೆಲಸವನ್ನು ಇತರರಿಗೆ ತಿಳಿಸಿದಾಗ, ಇದು ಬರಿಯ ಹವ್ಯಾಸವೆಂದೇ ಹೇಳಿಕೊಂಡಿದ್ದರು. ಸೆಪ್ಟೆಂಬರಿನಲ್ಲಿ ಹೊರಬಿದ್ದ ಮೊದಲ ಆವೃತ್ತಿಯಲ್ಲಿ ಇದ್ದದ್ದು ಸುಮಾರು 10,000 ಸಾಲುಗಳು. ಅದೇ ಲಿನಕ್ಸ್. 1992ರಲ್ಲಿ ಅದು ಸ್ಟಾಲ್ಮನ್ನರ ಪರವಾನಗಿಯ ಅಡಿಯಲ್ಲಿ ಬಂದಿತು. ತಿರುಳೂ ಸಾಧನಗಳೂ ಒಂದಾಗಿ ಪೂರ್ಣವಾದ, ಎಲ್ಲರೂ ಓದಬಹುದಾದ ವ್ಯವಸ್ಥೆಯೊಂದು ಲೋಕಕ್ಕೆ ದೊರೆಯಿತು.

ಆ ವರ್ಷದ ಆರಂಭದಲ್ಲಿಯೇ ಟ್ಯಾನೆನ್‌ಬಾಮರು ಲಿನಕ್ಸಿನ ರಚನೆಯನ್ನು ಬಹಿರಂಗವಾಗಿ ಟೀಕಿಸಿದರು. ಎಲ್ಲವನ್ನೂ ಒಂದೇ ತಿರುಳಿನಲ್ಲಿ ತುಂಬುವುದು ಹಳೆಯ ಕಾಲದ ಪದ್ಧತಿ. ಅದು ಒಂದೇ ಬಗೆಯ ಸಂಸ್ಕಾರಕಕ್ಕೆ ಅಂಟಿಕೊಂಡಿರುವುದೂ ಸರಿಯಲ್ಲ ಎಂಬುದು ಅವರ ಆಕ್ಷೇಪ. ತರುಣ ಟೋರ್ವಾಲ್ಡ್ಸರು ಬಿರುಸಾಗಿಯೇ ಉತ್ತರಿಸಿದರು. ಬಳಿಕ ಆ ಬಿರುಸಿಗಾಗಿ ಕ್ಷಮೆಯನ್ನೂ ಕೋರಿದರು. ಕಾಲಕ್ರಮದಲ್ಲಿ ಲಿನಕ್ಸು ಬೇರೆ ಬೇರೆ ಸಂಸ್ಕಾರಕಗಳಲ್ಲಿ ನಡೆಯುವಂತಾಯಿತು. ಎಂದರೆ ಗುರುವಿನ ಟೀಕೆಯಲ್ಲಿ ಹುರುಳಿತ್ತು. ಶಿಷ್ಯನ ಛಲದಲ್ಲಿಯೂ ಹುರುಳಿತ್ತು. ಮಿನಿಕ್ಸು ಕೂಡ ಮರೆಯಾಗಲಿಲ್ಲ. ಇಂಟೆಲ್ ಕಂಪನಿಯ ಅನೇಕ ಗಣಕಗಳ ಚಿಪ್ಪುಗಳೊಳಗೆ ಮಿನಿಕ್ಸಿನ ಒಂದು ರೂಪವು ಸದ್ದಿಲ್ಲದೆ ಕೆಲಸ ಮಾಡುತ್ತಿರುವುದು 2017ರಲ್ಲಿ ಬೆಳಕಿಗೆ ಬಂದಿತು. ಅದೇ ವರ್ಷದ ನವೆಂಬರಿನಲ್ಲಿ ಪ್ರಪಂಚದ ಅತ್ಯಂತ ವೇಗದ 500 ಮಹಾಗಣಕಗಳ ಪಟ್ಟಿಯಲ್ಲಿದ್ದ ಅಷ್ಟೂ ಯಂತ್ರಗಳು ಲಿನಕ್ಸಿನಿಂದ ನಡೆಯುವವಾಗಿದ್ದವು. 2021ರಲ್ಲಿ ಮಂಗಳಗ್ರಹದ ಮೇಲೆ ಹಾರಿದ ಇಂಜೆನ್ಯುಯಿಟಿ ಎಂಬ ಪುಟ್ಟ ಹೆಲಿಕಾಪ್ಟರಿನಲ್ಲಿಯೂ ಲಿನಕ್ಸ್ ಇದ್ದಿತು. ಆಂಡ್ರಾಯ್ಡ್ ಫೋನುಗಳ ತಿರುಳೂ ಅದೇ.

ಮುಚ್ಚಿದ ಗ್ರಂಥಕ್ಕೆ ಒದಗಬಹುದಾದ ಗತಿಯನ್ನು ತಿಳಿಯಲು ಇನ್ನೊಂದು ನಿದರ್ಶನವನ್ನು ನೋಡಬಹುದು. 1990ರಲ್ಲಿ ಸ್ಥಾಪಿತವಾದ ಬಿ ಎಂಬ ಕಂಪನಿಯು ಬಿಓಎಸ್ ಎಂಬ ವ್ಯವಸ್ಥೆಯನ್ನು ರೂಪಿಸಿತು. ಧ್ವನಿ ಮತ್ತು ಚಲಚ್ಚಿತ್ರಗಳನ್ನು ಒಟ್ಟೊಟ್ಟಿಗೆ ನಿರ್ವಹಿಸುವುದರಲ್ಲಿ ಅದು ತನ್ನ ಕಾಲಕ್ಕೆ ಬಹಳ ಚುರುಕಾಗಿತ್ತು. ಆದರೆ ವ್ಯಾಪಾರದಲ್ಲಿ ಕಂಪನಿಯು ನಿಲ್ಲಲಿಲ್ಲ. 2001ರಲ್ಲಿ ಅದರ ಸ್ವತ್ತು ಬೇರೆ ಕಂಪನಿಯ ಪಾಲಾಯಿತು. ಬಳಕೆದಾರರು ಮೆಚ್ಚಿದ ವ್ಯವಸ್ಥೆಯ ಬೆಳವಣಿಗೆ ಅಲ್ಲಿಗೆ ನಿಂತಿತು. ಅದರ ತಿರುಳಿನ ಬರಹ ಅವರ ಕೈಯಲ್ಲಿರಲಿಲ್ಲ. ಆದ್ದರಿಂದ ಹೈಕು ಎಂಬ ಹೆಸರಿನಲ್ಲಿ ಅದನ್ನು ಉಳಿಸಲು ಹೊರಟ ಸ್ವಯಂಸೇವಕರು ಬಹುಭಾಗವನ್ನು ಹೊಸದಾಗಿಯೇ ಬರೆಯಬೇಕಾಯಿತು. 2001ರಲ್ಲಿ ಮೊದಲಿಟ್ಟ ಆ ಕೆಲಸದ ಮೊದಲ ಬೀಟಾ ಆವೃತ್ತಿ ಹೊರಬಂದದ್ದು 2018ರಲ್ಲಿ. ಬರಹವು ತೆರೆದಿದ್ದರೆ ಹದಿನೇಳು ವರ್ಷಗಳ ಆ ದುಡಿಮೆಯಲ್ಲಿ ಎಷ್ಟೋ ಪಾಲು ಉಳಿಯುತ್ತಿತ್ತು.

ಇಷ್ಟು ಕೋಶದ ಮಾತಾಯಿತು. ಇನ್ನು ದೇಶ ಸುತ್ತುವ ಮಾತು. ಹೊಸ ಕಾರ್ಯಾಚರಣ ವ್ಯವಸ್ಥೆಯನ್ನು ಪರೀಕ್ಷಿಸಬೇಕಾದರೆ ಹಳೆಯದನ್ನು ಅಳಿಸಬೇಕಾಗಿಲ್ಲ. ಲಿನಕ್ಸಿನ ತಿರುಳಿನ ಸುತ್ತ ಬೇರೆ ಬೇರೆ ಸಾಧನಗಳನ್ನು ಜೋಡಿಸಿ ಸಿದ್ಧಪಡಿಸಿದ ರೂಪಗಳಿಗೆ ವಿತರಣೆಗಳೆಂದು ಹೆಸರು. 1993ರಲ್ಲಿ ಆರಂಭವಾದ ಡೆಬಿಯನ್, 2004ರಲ್ಲಿ ಬಂದ ಉಬುಂಟು, ಭಾರತ ಸರ್ಕಾರದ ಸಿ-ಡ್ಯಾಕ್ ಸಂಸ್ಥೆಯು 2007ರಲ್ಲಿ ಹೊರತಂದ ಬಾಸ್ ಇವುಗಳಲ್ಲಿ ಕೆಲವು. ಇಂತಹ ವಿತರಣೆಯನ್ನು ಒಂದು ಪೆನ್‌ಡ್ರೈವಿಗೆ ಕ್ರಮಬದ್ಧವಾಗಿ ಬರೆದು, ಗಣಕವು ಡಿಸ್ಕಿನ ಬದಲು ಅದರಿಂದಲೇ ಎಚ್ಚರಗೊಳ್ಳುವಂತೆ ಮಾಡಬಹುದು. ಆಗ ಇಡೀ ವ್ಯವಸ್ಥೆಯು ಸ್ಮೃತಿಕೋಶದಲ್ಲಿ ನಿಂತು ನಡೆಯುತ್ತದೆ; ಬಳಸುವವನು ತಾನಾಗಿ ಆದೇಶಿಸದ ಹೊರತು ಡಿಸ್ಕಿನಲ್ಲಿದ್ದುದು ಬದಲಾಗುವುದಿಲ್ಲ. ಗಣಕವನ್ನು ನಿಲ್ಲಿಸಿ ಪೆನ್‌ಡ್ರೈವನ್ನು ತೆಗೆದರೆ ಎಲ್ಲವೂ ಮೊದಲಿನಂತೆ. ಇದನ್ನು ಲೈವ್ ವಿಧಾನವೆನ್ನುತ್ತಾರೆ. ಜರ್ಮನಿಯ ಕ್ಲಾಸ್ ಕ್ನಾಪರ್ ಅವರು 2000ದಲ್ಲಿ ಹೊರತಂದ ಕ್ನಾಪಿಕ್ಸ್ ಎಂಬ ಸಿಡಿಯಿಂದ ಈ ವಿಧಾನವು ಜನಪ್ರಿಯವಾಯಿತು. ಅತಿಥಿಯಾಗಿ ಹೋಗಿ ಊರನ್ನು ನೋಡಿ ಬಂದಂತೆ ಇದು. ಊರು ಹಿಡಿಸಿದ ಮೇಲೆ ಅಲ್ಲಿ ಮನೆ ಮಾಡುವ ಯೋಚನೆ.

ಮನೆ ಮಾಡುವಾಗ ಎಚ್ಚರ ಬೇಕು. ವ್ಯವಸ್ಥೆಯನ್ನು ಡಿಸ್ಕಿನಲ್ಲಿ ಶಾಶ್ವತವಾಗಿ ಸ್ಥಾಪಿಸುವ ಮೊದಲು ಮುಖ್ಯ ಕಡತಗಳ ಪ್ರತಿಯನ್ನು ಬೇರೆಡೆ ತೆಗೆದಿಡಬೇಕು. ಡಿಸ್ಕನ್ನು ವಿಭಾಗಿಸುವಾಗ ಆಗುವ ಒಂದು ತಪ್ಪಿನಿಂದ ವರ್ಷಗಳ ಬರಹ, ಚಿತ್ರಗಳೆಲ್ಲ ಅಳಿದುಹೋಗಬಹುದು. ಶಾಲೆಯ ಅಥವಾ ಬೇರೆಯವರ ಯಂತ್ರವಾದರೆ ಒಡೆಯರ ಅನುಮತಿಯಿಲ್ಲದೆ ಕೈಹಾಕಬಾರದು. ಹೊಸ ವ್ಯವಸ್ಥೆಯಲ್ಲಿ ಕೆಲವು ಮುದ್ರಕಗಳೂ ವೈಫೈ ಉಪಕರಣಗಳೂ ಕೆಲಸ ಮಾಡದಿರಬಹುದು. ರೂಢಿಯ ಕೆಲವು ತಂತ್ರಾಂಶಗಳು ಅಲ್ಲಿ ದೊರೆಯದಿರಬಹುದು. ಹೊಸ ಊರಿನ ದಾರಿಗಳು ಮೊದಲ ದಿನವೇ ಪರಿಚಯವಾಗುವುದಿಲ್ಲವಷ್ಟೆ.

ಈ ಪ್ರಯೋಗ ಬರಿಯ ಕುತೂಹಲದ ವಿಷಯವಲ್ಲ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿಯು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅದರ ಮುಂದಿನ ಆವೃತ್ತಿಗೆ ಬೇಕಾದ ಸೌಲಭ್ಯಗಳು ಅನೇಕ ಹಳೆಯ ಗಣಕಗಳಲ್ಲಿಲ್ಲ. ಸಂಸ್ಕಾರಕ ಕೆಟ್ಟಿಲ್ಲ, ಪರದೆ ಒಡೆದಿಲ್ಲ. ಆದರೂ ಯಂತ್ರವು ನಿವೃತ್ತಿಯ ಅಂಚಿಗೆ ಬಂದು ನಿಲ್ಲುತ್ತದೆ. ಅಂತಹ ಯಂತ್ರದಲ್ಲಿ ಹಗುರವಾದ ಲಿನಕ್ಸ್ ವಿತರಣೆಯೊಂದನ್ನು ಸ್ಥಾಪಿಸಿದರೆ ಅದು ಇನ್ನೂ ಕೆಲವು ವರ್ಷ ದುಡಿಯಬಲ್ಲುದು. ನೆರೆಯ ಕೇರಳ ರಾಜ್ಯದ ಶಾಲೆಗಳಲ್ಲಿ ಈ ಶತಮಾನದ ಮೊದಲ ದಶಕದಿಂದಲೇ ಗಣಕದ ಪಾಠಕ್ಕೆ ಮುಕ್ತ ತಂತ್ರಾಂಶವನ್ನು ಬಳಸುತ್ತ ಬಂದಿದ್ದಾರೆ.

ಕನ್ನಡದ ಮಟ್ಟಿಗೂ ಈ ವಿಚಾರ ಮುಖ್ಯವಾದುದು. ವ್ಯಾಪಾರಿ ಕಂಪನಿಗಳು ಕನ್ನಡವನ್ನು ಕಡೆಗಣಿಸಿದವೆಂದು ಹೇಳಲಾಗದು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಅಕ್ಷರಶೈಲಿಯಿತ್ತು. ಆದರೆ ಅಲ್ಲಿ ಯಾವ ಭಾಷೆಗೆ ಯಾವಾಗ, ಎಷ್ಟು ಎಡೆ ದೊರೆಯಬೇಕೆಂಬುದನ್ನು ನಿರ್ಧರಿಸುವುದು ಕಂಪನಿ. ತೆರೆದ ಬರಹವುಳ್ಳ ವ್ಯವಸ್ಥೆಯಲ್ಲಿ ಆ ನಿರ್ಧಾರ ಭಾಷೆಯನ್ನಾಡುವವರದು. ಪರದೆಯ ಮೇಲಿನ ಒಂದೊಂದು ಪದವನ್ನೂ ಕನ್ನಡಕ್ಕೆ ತರಲು ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ. ಹೀಗೆಯೇ ಸ್ವಯಂಸೇವಕರ ದುಡಿಮೆಯಿಂದ ಗ್ನೋಮ್, ಕೆಡಿಇ ಮೊದಲಾದ ಪರದೆವ್ಯವಸ್ಥೆಗಳು ಕನ್ನಡದ ನುಡಿಗಳನ್ನು ಕಲಿತವು. ಗುಬ್ಬಿ, ನವಿಲು ಎಂಬ ಮುಕ್ತ ಅಕ್ಷರಶೈಲಿಗಳು ಬಂದವು. ಹಣಬಲವಿಲ್ಲದ ಭಾಷೆಗೂ ಜನಬಲವಿದ್ದರೆ ಸಾಕೆಂಬ ಭರವಸೆ ಇಲ್ಲಿದೆ. ಜನಬಲ ಇಲ್ಲವಾದರೆ ಇಲ್ಲಿಯೂ ಕೆಲಸ ಅರ್ಧಕ್ಕೆ ನಿಲ್ಲುತ್ತದೆಂಬುದೂ ಅಷ್ಟೇ ನಿಜ.

ಲಿನಕ್ಸಿನ ತಿರುಳು ಇಂದು ಮೂರು ಕೋಟಿ ಸಾಲುಗಳನ್ನು ಮೀರಿ ಬೆಳೆದಿದೆ. ಲಯನ್ಸರ ವಿದ್ಯಾರ್ಥಿಗಳು 9,000 ಸಾಲುಗಳನ್ನು ಓದಿದಂತೆ ಅದನ್ನು ಯಾವ ಒಬ್ಬ ಮನುಷ್ಯನೂ ಓದಿ ಮುಗಿಸಲಾರನು. ಹಾಗಾದರೆ ಅದು ತೆರೆದಿದ್ದು ಪ್ರಯೋಜನವೇನು ಎಂದು ಕೇಳಬಹುದು. ಊರಿನ ಗ್ರಂಥಾಲಯದ ಎಲ್ಲ ಪುಸ್ತಕಗಳನ್ನೂ ಯಾರೊಬ್ಬರೂ ಓದುವುದಿಲ್ಲ. ಆದರೆ ಬೇಕಾದ ಪುಸ್ತಕವನ್ನು ಬೇಕಾದ ದಿನ ಬೇಕಾದವರು ತೆಗೆದು ಓದಲೆಂದು ಅದರ ಬಾಗಿಲು ತೆರೆದಿರುತ್ತದೆ. ಒಬ್ಬರು ಕಾಣದ ತಪ್ಪನ್ನು ಇನ್ನೊಬ್ಬರು ಕಾಣುತ್ತಾರೆ. ಒಬ್ಬರು ಬಿಟ್ಟ ಕೆಲಸವನ್ನು ಮತ್ತೊಬ್ಬರು ಎತ್ತಿಕೊಳ್ಳುತ್ತಾರೆ.

ಓದಲು ಬಯಸುವವರಿಗೆ ಸಂಕೇತಗಳಲ್ಲದ ಪುಸ್ತಕಗಳೂ ಇವೆ. ಟೋರ್ವಾಲ್ಡ್ಸರು ಡೇವಿಡ್ ಡೈಮಂಡ್ ಅವರೊಡನೆ ಸೇರಿ ಬರೆದ ಆತ್ಮಕಥನ ‘ಜಸ್ಟ್ ಫಾರ್ ಫನ್’ 2001ರಲ್ಲಿ ಹೊರಬಂದಿತು. ಯೂನಿಕ್ಸಿನ ಹುಟ್ಟನ್ನು ಹತ್ತಿರದಿಂದ ಕಂಡ ಬ್ರಯನ್ ಕರ್ನಿಹನ್ ಅವರು 2019ರಲ್ಲಿ ಅದರ ಇತಿಹಾಸವನ್ನು ತಮ್ಮ ನೆನಪುಗಳೊಡನೆ ಬರೆದು ಪ್ರಕಟಿಸಿದ್ದಾರೆ. ಇವುಗಳನ್ನು ಓದಿದವನಿಗೆ ಒಂದು ಸಂಗತಿ ಮನದಟ್ಟಾಗುತ್ತದೆ. ಈ ವ್ಯವಸ್ಥೆಗಳನ್ನು ಕಟ್ಟಿದವರು ಆರಂಭದಲ್ಲಿ ಲೋಕವನ್ನು ಗೆಲ್ಲಲು ಹೊರಟವರಲ್ಲ. ತಮ್ಮ ಮುಂದಿದ್ದ ಯಂತ್ರವು ಹೇಗೆ ನಡೆಯುತ್ತದೆಂದು ತಿಳಿಯಬೇಕೆಂಬ ಹಂಬಲ ಅವರಿಗಿತ್ತು. ಆ ಹಂಬಲಕ್ಕೆ ಆಸರೆಯಾಗಿ ಒಂದು ಪುಸ್ತಕವೋ ಒಂದು ಹಳೆಯ ಗಣಕವೋ ದೊರೆಯಿತು. ಆ ಪುಸ್ತಕವನ್ನು ಓದಗೊಡಬೇಕು, ಆ ಗಣಕವನ್ನು ಬಿಚ್ಚಿ ನೋಡಗೊಡಬೇಕು. ವಿದ್ಯೆಯು ಬೆಳೆಯಲು ಸಮಾಜವು ಮಾಡಬೇಕಾದ ಉಪಕಾರ ಅದು.